ಹುರಿಯ ಕುಣಿಕೆ

ಕೈಮಗ್ಗದ ಮಾತು ಬಂದೊಡನೆ ನಮ್ಮ ಸುಶಿಕ್ಷಿತರು ಎರಡು ವಿಷಯಗಳನ್ನು ತೆಗೆಯುತ್ತಾರೆ. ಒಂದು ನೂಲಿನ ಧಾರಣೆ, ಇನ್ನೊಂದು ಗಿರಣಿಯ ಪೈಪೋಟಿ. ಎರಡೂ ದೊಡ್ಡ ವಿಷಯಗಳೇ ಸರಿ. ಅವುಗಳ ಮೇಲೆ ಸಭೆಗಳು ಕೂಡಿವೆ, ಠರಾವುಗಳಾಗಿವೆ, ಸಮಿತಿಗಳು ಕುಳಿತು ಎದ್ದಿವೆ. ಆದರೆ ನೇಕಾರನು ಮಗ್ಗದ ಮುಂದೆ ಕುಳಿತ ಮೇಲೆ ಅವನ ಹೊತ್ತು ನಿಜವಾಗಿ ಎಲ್ಲಿ ಸೋರಿಹೋಗುತ್ತದೆಂಬದನ್ನು ಬಗ್ಗಿ ನೋಡಿದವರು ವಿರಳ. ಇಂದು ನಾವು ವಾಚಕರ ಮುಂದಿಡುವ ವಸ್ತುವು ಬಹಳ ಚಿಕ್ಕದು: ಒಂದು ಗೇಣಿಗಿಂತ ತುಸು ಉದ್ದವಾದ, ನಡುವೆ ಒಂದು ಕಣ್ಣುಳ್ಳ ಹುರಿಯ ಕುಣಿಕೆ. ಗಿರಣಿಯವರು ಇದನ್ನು ಹೀಲ್ಡ್ ಎನ್ನುತ್ತಾರೆ. ಇದರ ಸಲುವಾಗಿ ಅಗ್ರಸ್ಥಾನದ ಲೇಖನವೇಕೆಂದು ಯಾರಾದರೂ ಹುಬ್ಬೇರಿಸಬಹುದು. ಮುಂದಿನ ಲೆಕ್ಕವನ್ನು ಓದಿದ ಬಳಿಕ ಅವರೇ ನಿರ್ಣಯಿಸಲಿ.

ನೇಯುವದೆಂದರೆ ಮೂರು ಕೆಲಸಗಳ ಎಡೆಬಿಡದ ಆವೃತ್ತಿ. ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎಂದೂ ಅಡ್ಡಲಾಗಿ ಸೇರುವ ಎಳೆಗೆ ಹೊಕ್ಕು ಎಂದೂ ಹೆಸರು. ಹಾಸುಹೊಕ್ಕೆಂಬ ಮಾತನ್ನು ದಿನಾಲು ಆಡುವ ನಾವು ಅದು ಮಗ್ಗದಿಂದ ಬಂದುದೆಂಬದನ್ನು ಮರೆತಿದ್ದೇವೆ. ಮೊದಲನೆಯ ಕೆಲಸ, ಹಾಸಿನ ಎಳೆಗಳಲ್ಲಿ ಒಂದು ಬಿಟ್ಟು ಒಂದನ್ನು ಮೇಲಕ್ಕೆತ್ತಿ ನಡುವೆ ಬಾಯಿ ತೆರೆಯುವದು. ಎರಡನೆಯದು, ಆ ಬಾಯಿಯಲ್ಲಿ ಲಾಳಿಯನ್ನು ತೂರುವದು. ಮೂರನೆಯದು, ಸೇರಿದ ಹೊಕ್ಕನ್ನು ಹಣಿಗೆಯಿಂದ ಬಡಿದು ಹಿಂದಿನದಕ್ಕೆ ಕೂಡಿಸುವದು. ೧೭೩೩ರಲ್ಲಿ ಇಂಗ್ಲಂಡದ ಜಾನ್ ಕೇ ಎಂಬವನು ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿಯನ್ನು ಕಂಡುಹಿಡಿದು ಎರಡನೆಯ ಕೆಲಸವನ್ನು ತೀವ್ರಗೊಳಿಸಿದನು. ಹಾರುವ ಲಾಳಿಯ ಕೀರ್ತಿಯನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಬಾಯಿ ತೆರೆಯದ ಮಗ್ಗದಲ್ಲಿ ಯಾವ ಲಾಳಿ ಹಾರೀತು? ಮೊದಲನೆಯ ಕೆಲಸವನ್ನು ಸುಲಭ ಮಾಡಿಕೊಟ್ಟ ಕುಣಿಕೆಯ ಕರ್ತೃವಿನ ಹೆಸರು ಯಾರಿಗೂ ಗೊತ್ತಿಲ್ಲ. ಈಜಿಪ್ಟದ ಬೆನಿ ಹಸನ್ ಎಂಬಲ್ಲಿಯ ಗೋರಿಗಳ ಗೋಡೆಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬರೆದ ಚಿತ್ರಗಳುಂಟು. ಅಲ್ಲಿ ನೆಲದ ಮೇಲೆ ಹಾಸಿದ ಮಗ್ಗಕ್ಕೆ ಕುಣಿಕೆಯ ಕೋಲು ಆಗಲೇ ಬಂದಿತ್ತು.

ಈಗ ಲೆಕ್ಕ. ಮೂವತ್ತಾರು ಇಂಚು ಪನ್ನದ ಒಂದು ಸಾದಾ ಹತ್ತಿಯ ಚಾದರವನ್ನು ತೆಗೆದುಕೊಳ್ಳೋಣ. ಇಂಚಿಗೆ ೨೪ ಎಳೆಗಳಂತೆ ಹಾಸಿನಲ್ಲಿ ೮೬೪ ಎಳೆಗಳಾದವು. ಉದ್ದ ಎರಡು ಗಜ, ಇಂಚಿಗೆ ೨೦ ಹೊಕ್ಕು ಎಂದರೆ ಬಾಯಿಯನ್ನು ೧,೪೪೦ ಸಲ ತೆರೆಯಬೇಕು. ಪ್ರತಿ ಸಲವೂ ೪೩೨ ಎಳೆಗಳನ್ನು ಬೆರಳಿನಿಂದಲೋ ಸೂಜಿಕೋಲಿನಿಂದಲೋ ಆಯ್ದೆತ್ತಲು ಮೂರು ನಿಮಿಷಗಳು ಸಾಕೆಂದು ಉದಾರವಾಗಿ ಹಿಡಿದರೂ ಬಾಯಿ ತೆರೆಯುವದೊಂದಕ್ಕೇ ೭೨ ತಾಸು ಬೇಕು. ದಿನಕ್ಕೆ ಎಂಟು ತಾಸಿನಂತೆ ಒಂಬತ್ತು ದಿನ. ಅದೇ ಎಳೆಗಳು ಕುಣಿಕೆಗಳ ಕಣ್ಣಿನಲ್ಲಿ ಪೋಣಿಸಲ್ಪಟ್ಟು, ಕುಣಿಕೆಗಳು ಎರಡು ಕೋಲುಗಳ ನಡುವೆ ತೂಗಿ, ಕೋಲು ಕಾಲ್ತುಳಿತಕ್ಕೆ ಕಟ್ಟಲ್ಪಟ್ಟಿದ್ದರೆ ಒಂದು ತುಳಿತಕ್ಕೆ ಮೂರು ಸೆಕೆಂಡು. ಒಟ್ಟು ೭೨ ನಿಮಿಷ. ಎಪ್ಪತ್ತೆರಡು ತಾಸುಗಳು ಎಪ್ಪತ್ತೆರಡು ನಿಮಿಷಗಳಾದವು. ಇದು ಕಾಗದದ ಮೇಲಿನ ಲೆಕ್ಕವೆಂಬದು ನಿಜ. ಅಷ್ಟು ಅಗಲದ ಬಟ್ಟೆಯನ್ನು ಯಾರೂ ಬರಿಗೈಯಿಂದ ಆಯ್ದು ನೇಯಲು ಹೋಗುವದಿಲ್ಲ. ಹೋಗದಿರುವ ಕಾರಣವೇ ಕುಣಿಕೆ.

ಇಲ್ಲಿ ಇಳಕಲ್ಲಿನ ವಾಚಕರು ನಕ್ಕಾರು. ಕುಣಿಕೆಯಿಲ್ಲದ ಮಗ್ಗವನ್ನು ತಾವು ಕಂಡೇ ಇಲ್ಲವೆಂದು ಅವರು ಹೇಳಿದರೆ ಅದು ಸತ್ಯವೇ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುವ ತೋಪು ತೆನಿಯ ಕಲೆಯಿದೆ. ಅಂಚಿಗೂ ಮೈಗೂ ಬೇರೆ ಬೇರೆ ಮೂರು ಲಾಳಿಗಳನ್ನು ಆಡಿಸುವ ಕೊಂಡಿಯ ಕಲೆಯಿದೆ. ಗುಳೇದಗುಡ್ಡದ ಖಣದ ಚಿಕ್ಕ ಚಿಕ್ಕ ಆಕೃತಿಗಳು ಹೆಚ್ಚಿನ ಹಾಸಿನೆಳೆಗಳನ್ನು ಬೇರೆ ಬೇರೆ ಅನುಕ್ರಮದಲ್ಲಿ ಎತ್ತುವದರಿಂದಲೇ ಹುಟ್ಟುವವು. ಅಂಥವರಿಗೆ ಪಾಠ ಹೇಳುವ ಧಾರ್ಷ್ಟ್ಯ ನಮಗಿಲ್ಲ. ನಮ್ಮ ದೃಷ್ಟಿಯಿರುವದು ಕೃಷ್ಣೆಯ ಇತ್ತಲ ಬದಿಯ ಹಳ್ಳಿಗಳ ಮೇಲೆ. ಸಿಂದಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿರುವ ಮೋರಟಗಿಯಂಥ ಊರುಗಳ ಮೇಲೆ.

ಮೋರಟಗಿಯ ಸುತ್ತಲಿನದು ಎರೆಯ ನೆಲ. ಜೋಳ, ತೊಗರಿ, ಹತ್ತಿ ಬೆಳೆಯುತ್ತವೆ. ಹತ್ತಿಯು ಅರಳಿದಷ್ಟೇ ಬೇಗ ಗಾಡಿಯೇರಿ ಹೊರಗೆ ಹೋಗುತ್ತದೆ. ಬಟ್ಟೆಯಾಗಿ ತಿರುಗಿ ಬರುವಾಗ ಅದರ ಬೆಲೆ ಎಷ್ಟು ಪಟ್ಟಾಗಿರುತ್ತದೆಂಬದನ್ನು ಪೇಟೆಯ ಗೃಹಸ್ಥರಿಗೆ ಹೇಳಬೇಕಾಗಿಲ್ಲ. ಇದೇ ಸೀಮೆಯಲ್ಲಿ ಹಾಲುಮತದವರ ಕುರಿಹಿಂಡುಗಳಿವೆ. ದಖ್ಖಣದ ಕುರಿಯ ಒರಟು ಕರಿಯ ಉಣ್ಣೆಗೆ ಈಗ ಗಿರಾಕಿಗಳು ಕಡಿಮೆಯಾಗಿ, ಕತ್ತರಿಸುವ ಕೂಲಿಯೂ ಹುಟ್ಟದೆ, ಉಣ್ಣೆಯನ್ನು ಹೊಲದ ಬದುವಿನಲ್ಲಿ ಚೆಲ್ಲಿ ಹೋಗುವ ಕುರಿಗಾರರು ದಖ್ಖಣದಲ್ಲಿ ಹಲವೆಡೆ ಉಂಟು. ಬೀರಪ್ಪನ ಗುಡಿಯಲ್ಲಿ ಹಾಸಲಿಕ್ಕೆ, ಮದುವೆಯ ಕಾರ್ಯಕ್ಕೆ ಕಂಬಳಿಯೇ ಬೇಕು. ಮಳೆಗೂ ಚಳಿಗೂ ಕುರಿಗಾರನ ಮನೆಯೇ ಕಂಬಳಿ. ಆದರೂ ಅದನ್ನು ನೇಯುವ ಮಗ್ಗಗಳು ವರ್ಷೇ ವರ್ಷೇ ಕಡಿಮೆಯಾಗುತ್ತಿವೆ.

ಕಂಬಳಿಯ ನೇಯ್ಗೆ ಹತ್ತಿಯದರಂತಲ್ಲ. ಕೈಯಿಂದ ನೂತ ಉಣ್ಣೆಯ ಎಳೆಗೆ ಮೈತುಂಬ ನವಿರು. ಪಕ್ಕದ ಎಳೆಯನ್ನು ಅದು ಬಿಗಿದಪ್ಪಿಕೊಳ್ಳುತ್ತದೆ. ಹುಣಿಸೆಬೀಜದ ಹಿಟ್ಟನ್ನು ಕುದಿಸಿದ ಸರಿಯನ್ನು ಹಾಸಿಗೆ ಬಳಿದು ಒಣಗಿಸುವದು ಈ ನವಿರನ್ನು ಅಡಗಿಸಲಿಕ್ಕೇ. ಹಲವೆಡೆ ಈ ಮಗ್ಗಕ್ಕೆ ಹಣಿಗೆಯೂ ಇರುವದಿಲ್ಲ. ಕತ್ತಿಯಂತೆ ಮಸೆದ ಮರದ ಪಟ್ಟಿಯನ್ನು ಬಾಯಲ್ಲಿ ತೂರಿ ಬಡಿಯುತ್ತಾರೆ. ಇಂಥ ಹಳೆಯ ತರದ ಸಾದಾ ಮಗ್ಗಗಳಲ್ಲಿ ಕುಣಿಕೆಗಳ ಸಾಲು ಒಂದೇ: ಒಂದೇ ಉದ್ದದ ಹುರಿಯನ್ನು ಒಂದು ಬಿಟ್ಟು ಒಂದು ಎಳೆಯ ಕೆಳಗೆ ಹಾಯಿಸಿ ಮೇಲಿನ ಕೋಲಿಗೆ ಸುತ್ತುತ್ತ ಹೋಗುವದು. ಕೋಲನ್ನು ಎತ್ತಿದರೆ ಒಂದು ಬಾಯಿ. ಇಳಿಸಿ, ಹಿಂದಿನ ದಪ್ಪ ಕೋಲನ್ನು ಮುಂದಕ್ಕೆ ಸರಿಸಿದರೆ ಇನ್ನೊಂದು ಬಾಯಿ. ಅಮೇರಿಕೆಯ ನವಾಹೊ ಜನರು ಇಂದಿಗೂ ಹೀಗೆಯೇ ನೇಯುತ್ತಾರೆ. ನಮ್ಮ ನಾಗಾಲ್ಯಾಂಡ, ಮಣಿಪುರಗಳ ಹೆಂಗಸರು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗವೂ ಈ ಜಾತಿಯದೇ. ಇದರಲ್ಲಿ ಹೀನವೇನೂ ಇಲ್ಲ. ಆದರೆ ಪ್ರತಿ ಹೊಕ್ಕಿಗೂ ಒಂದು ಕೈ ಕೋಲನ್ನೆತ್ತಿ ಹಿಡಿಯಬೇಕಾದ್ದರಿಂದ ಲಾಳಿಗೂ ಬಡಿತಕ್ಕೂ ಒಂದೇ ಕೈ ಉಳಿಯುತ್ತದೆ. ಕಣ್ಣುಳ್ಳ ಕುಣಿಕೆಗಳ ಎರಡು ಸಾಲುಗಳನ್ನು ಮಾಡಿ ಕಾಲಿಗೆ ಕಟ್ಟಿಕೊಂಡರೆ ಎರಡು ಕೈಗಳೂ ಬಿಡುವಾಗುವವು. ಮಗ್ಗದ ಕಂಬ ಬದಲಿಸಬೇಕಿಲ್ಲ, ಕುಣಿ ತೋಡದ ಕಡೆ ಒಂದು ಮೊಳ ಕುಣಿ ತೋಡಿದರೆ ಸಾಕು.

ಮಾಡುವ ಬಗೆಯನ್ನು ಸವಿಸ್ತರವಾಗಿ ಹೇಳುತ್ತೇವೆ. ಯಾಕಂದರೆ ಈ ವಿಷಯದಲ್ಲಿ ಬರಿಯ ಪ್ರಶಂಸೆಯಿಂದ ಯಾರಿಗೂ ಪ್ರಯೋಜನವಿಲ್ಲ. ಒಂದು ಮೊಳದ ಹಲಗೆ ತೆಗೆದುಕೊಂಡು ಅದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯಬೇಕು. ಗೆರೆಯ ಮೇಲೆ ನಾಲ್ಕು ಮೊಳೆಗಳು: ಕೆಳಗಿನ ಮೊಳೆಯಿಂದ ನಾಲ್ಕೂಮುಕ್ಕಾಲು ಇಂಚಿಗೆ ಎರಡನೆಯದು, ಅಲ್ಲಿಂದ ಅರ್ಧ ಇಂಚಿಗೆ ಮೂರನೆಯದು, ಮತ್ತೆ ನಾಲ್ಕೂಮುಕ್ಕಾಲು ಇಂಚಿಗೆ ನಾಲ್ಕನೆಯದು. ಒಟ್ಟು ಹತ್ತು ಇಂಚು. ಮೊಳೆಗಳ ತಲೆಗಳನ್ನು ಕತ್ತರಿಸಿಬಿಡಬೇಕು, ಇಲ್ಲವಾದರೆ ಕಟ್ಟಿದ ಕುಣಿಕೆ ಹೊರಗೆ ಬರುವದಿಲ್ಲ. ಹುರಿಯು ಬಿಗಿಯಾಗಿ ಹೊಸೆದ ಹತ್ತಿಯದಾಗಿರಲಿ. ಮೀನಿನ ಬಲೆ ಹೆಣೆಯುವ ಜಾತಿಯ ನುಣುಪಾದ ಹುರಿ ಉತ್ತಮ. ನೈಲಾನು ಜಗ್ಗಿದರೆ ಹಿಗ್ಗುತ್ತದೆ, ಗಂಟೂ ಜಾರುತ್ತದೆ. ಇಪ್ಪತ್ತೆಂಟು ಇಂಚಿನ ತುಂಡನ್ನು ನಡುವೆ ಮಡಚಿ, ಮಡಿಕೆಯನ್ನು ಕೆಳಗಿನ ಮೊಳೆಗೆ ಸಿಕ್ಕಿಸಿ, ಎರಡು ತುದಿಗಳನ್ನೂ ಮೇಲಕ್ಕೆ ತಂದು ಎರಡನೆಯ ಮೊಳೆಗೆ ತಾಕುವಂತೆ ಕೆಳಗೆ ಒಂದು ಗಂಟು. ತುದಿಗಳನ್ನು ಎರಡನೆಯ ಮೂರನೆಯ ಮೊಳೆಗಳ ಎಡಬಲಕ್ಕೆ ಒಯ್ದು ಮೂರನೆಯ ಮೊಳೆಯ ಮೇಲೆ ಇನ್ನೊಂದು ಗಂಟು. ಇವೆರಡರ ನಡುವೆ ಉಳಿದುದೇ ಕಣ್ಣು. ಕೊನೆಗೆ ನಾಲ್ಕನೆಯ ಮೊಳೆಯನ್ನು ಬಳಸಿ ಮೂರನೆಯ ಗಂಟು. ಕಂಬಳಿಯ ದಪ್ಪ ಎಳೆಗಾದರೆ ಕಣ್ಣನ್ನು ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ಏರಿಸಬೇಕು.

ಗಂಟಿನ ವಿಷಯದಲ್ಲಿ ಮೈಮರೆಯಬಾರದು. ಮೊದಲ ಸಲ ಎಡದ ತುದಿ ಬಲದ ಮೇಲೆ ಹಾಯ್ದರೆ ಎರಡನೆಯ ಸಲ ಬಲದ ತುದಿ ಎಡದ ಮೇಲೆ ಹಾಯಬೇಕು. ಎರಡೂ ಸಲ ಒಂದೇ ಬದಿಯಿಂದ ಹಾಯಿಸಿದ ಗಂಟು ಕಣ್ಣಿಗೆ ಹಾಗೆಯೇ ಕಂಡರೂ ನಾಲ್ಕು ದಿನ ತುಳಿದ ಬಳಿಕ ಸರಿಯುತ್ತದೆ. ಒಂದು ಗಂಟು ಸರಿದರೆ ಒಂದು ಕಣ್ಣು ತಗ್ಗಿತು. ಕಣ್ಣು ತಗ್ಗಿದ ಎಳೆಯು ಬಾಯಿ ತೆರೆದಾಗ ಮೇಲಿನ ಸಾಲಿಗೆ ಸೇರದೆ ನಡುವೆ ಜೋತುಬೀಳುತ್ತದೆ. ಲಾಳಿ ಅದನ್ನು ಹರಿಯುತ್ತದೆ, ಇಲ್ಲವೆ ಅದರ ಮೇಲೆ ಹಾಯ್ದು ಬಟ್ಟೆಯಲ್ಲಿ ದೋಷ ಬಿಡುತ್ತದೆ. ಹಲಗೆಯ ಮೇಲೆ ಮೊಳೆ ಬಡಿದು ಕಟ್ಟುವ ಗುಟ್ಟೇ ಇದು. ಕೈಯಳತೆಯಿಂದ ಕಟ್ಟಿದ ನೂರು ಕುಣಿಕೆಗಳಲ್ಲಿ ನೂರು ಎತ್ತರಗಳಿರುವವು. ಹಲಗೆಯ ಮೇಲಿನವು ಒಂದೇ ತಾಯಿಯ ಮಕ್ಕಳು.

ಖರ್ಚನ್ನೂ ಎಣಿಸೋಣ. ಮೇಲೆ ಹೇಳಿದ ಚಾದರದ ಮಗ್ಗಕ್ಕೆ ಎರಡು ಸಾಲುಗಳಲ್ಲಿ ೪೩೨ರಂತೆ ೮೬೪ ಕುಣಿಕೆಗಳು; ಗಂಟುಗಳು ೨,೫೯೨; ಹುರಿ ೬೭೨ ಗಜ. ಕುಣಿಕೆಗೆ ಒಂದು ನಿಮಿಷದಂತೆ ಸುಮಾರು ಹದಿನಾಲ್ಕೂವರೆ ತಾಸಿನ ಕೆಲಸ. ಇಂಚಿಗೆ ಎಂಟೇ ಎಳೆಗಳುಳ್ಳ, ಮೂವತ್ತು ಇಂಚು ಪನ್ನದ ಕಂಬಳಿಗಾದರೆ ೨೪೦ ಕುಣಿಕೆಗಳು ಸಾಕು, ನಾಲ್ಕು ತಾಸು. ಹೀಗೆ ಒಂದು ಸಂಜೆ ಕಟ್ಟಿದ ಕುಣಿಕೆಗಳು ಒಂದು ಹಾಸಿಗೆ ಮುಗಿದುಹೋಗುವವೂ ಅಲ್ಲ. ಹಾಸು ತೀರುವಾಗ ನೇಕಾರನು ಹಳೆಯ ಎಳೆಗಳ ಕೊನೆಯನ್ನು ಕುಣಿಕೆಯಲ್ಲಿಯೂ ಹಣಿಗೆಯಲ್ಲಿಯೂ ಹಾಗೆಯೇ ಬಿಟ್ಟು, ಅವಕ್ಕೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾನೆ. ಇದಕ್ಕೆ ಕೆಚ್ಚುವದೆಂದು ಹೆಸರು. ಕೆಚ್ಚುವ ಕೆಲಸ ಬಹುಶಃ ಹೆಂಗಸರದು. ಅವರ ಹೆಬ್ಬೆರಳು ತೋರುಬೆರಳುಗಳ ವೇಗವನ್ನು ನೋಡಿಯೇ ನಂಬಬೇಕು. ಒಮ್ಮೆ ಪೋಣಿಸಿದ ಕುಣಿಕೆ ಹೀಗೆ ಹಾಸಿನ ಮೇಲೆ ಹಾಸನ್ನು ಕಾಣುತ್ತದೆ.

ತಂತಿಯ ಕುಣಿಕೆಗಳು ಪೇಟೆಯಲ್ಲಿ ಸಿಗುವಾಗ ಹುರಿಯದೇಕೆಂಬ ಪ್ರಶ್ನೆ ಬರುವದು ಸಹಜ. ಉಕ್ಕಿನ ತಂತಿ ಬಹುಕಾಲ ಬಾಳುತ್ತದೆ, ಕೋಲಿನ ಮೇಲೆ ಸಲೀಸಾಗಿ ಸರಿಯುತ್ತದೆ. ಯಂತ್ರಮಗ್ಗಕ್ಕೆ ಅದೇ ಯೋಗ್ಯ. ಆದರೆ ಅದು ಭಾರ, ಸದ್ದು ಹೆಚ್ಚು, ಮತ್ತು ಹಳ್ಳಿಯಲ್ಲಿ ಒಂದು ಮುರಿದರೆ ಪೇಟೆಗೆ ಓಡಬೇಕು. ಹುರಿಯದರಲ್ಲಿ ಇನ್ನೊಂದು ಅನುಕೂಲವುಂಟು. ಎಳೆ ಪೋಣಿಸುವಾಗ ಒಂದು ತಪ್ಪಿಹೋದುದು ಅರ್ಧ ಗಜ ನೇಯ್ದ ಮೇಲೆ ಕಣ್ಣಿಗೆ ಬಿದ್ದರೆ, ತಂತಿಯವನು ಉಳಿದ ಎಳೆಗಳನ್ನೆಲ್ಲ ಬಿಚ್ಚಿ ಸರಿಸಬೇಕಾದೀತು; ಹುರಿಯವನು ಆ ಎಳೆಯ ಸುತ್ತಲೇ ಒಂದು ಹೊಸ ಕುಣಿಕೆಯನ್ನು ಮಗ್ಗದ ಮೇಲೆಯೇ ಕಟ್ಟಿ ಮುಂದೆ ಸಾಗುತ್ತಾನೆ. ಸ್ವೀಡನ್ ದೇಶದವರು ಟೆಕ್ಸಾಲ್ವ್ ಎಂಬ ಪಾಲಿಯೆಸ್ಟರ ದಾರದ ಕುಣಿಕೆಗಳನ್ನು ಮಾಡಿ ಜಗತ್ತಿಗೆಲ್ಲ ಮಾರುತ್ತಿರುವದನ್ನು ನೋಡಿದರೆ, ಕೈಮಗ್ಗದ ಮಟ್ಟಿಗೆ ಪಾಶ್ಚಾತ್ಯರೂ ತಂತಿಯನ್ನು ಬಿಟ್ಟು ದಾರಕ್ಕೆ ಮರಳುತ್ತಿದ್ದಾರೆಂದು ಹೇಳಬೇಕು. ನಮ್ಮವರು ಮಾತ್ರ ದಾರವೆಂದರೆ ಹಿಂದುಳಿದುದು, ತಂತಿಯೆಂದರೆ ಸುಧಾರಣೆ ಎಂಬ ಭ್ರಮೆಯಲ್ಲಿದ್ದಾರೆ.

ಇಷ್ಟು ಸುಲಭವಾದುದು ಎಲ್ಲೆಡೆ ಏಕೆ ಹರಡಲಿಲ್ಲ? ಕಸಬಿನ ಗುಟ್ಟು ಮನೆಯ ಹೊಸಿಲು ದಾಟದಿರುವದು ಒಂದು ಕಾರಣ. ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವನ್ನು ಕೊಟ್ಟಿದ್ದಾರೆ. ೧೯೦೯ರಲ್ಲಿ ಹಿಂದ್ ಸ್ವರಾಜ್ಯದಲ್ಲಿ ಕೈಮಗ್ಗದ ಮಾತನ್ನು ಬರೆದಾಗ ಅವರು ಮಗ್ಗವನ್ನಾಗಲಿ ಚರಕವನ್ನಾಗಲಿ ಕಂಡಿದ್ದ ನೆನಪೇ ಅವರಿಗಿರಲಿಲ್ಲ. ಮುಂದೆ ಆಶ್ರಮದಲ್ಲಿ ಮಗ್ಗಗಳನ್ನು ಹೂಡಿದಾಗ ಕಲಿಸುವವರಿಲ್ಲದೆ ಪಾಲಣಪುರದಿಂದ ಒಬ್ಬ ನಿಪುಣನನ್ನು ಕರೆಸಬೇಕಾಯಿತು. ಆತನು ತನ್ನ ವಿದ್ಯೆಯನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ಯಂತ್ರದಲ್ಲಿ ಸಹಜ ಬುದ್ಧಿಯಿದ್ದ ಮಗನಲಾಲ ಗಾಂಧಿಯವರು ಉಳಿದುದನ್ನು ತಾವೇ ಶೋಧಿಸಿ ಕರಗತ ಮಾಡಿಕೊಂಡು, ಒಬ್ಬರ ಬಳಿಕೊಬ್ಬರಂತೆ ಇತರರನ್ನು ತಯಾರಿಸಿದರು. ಪಾಲಣಪುರದವನನ್ನು ನಾವು ದೂರಲಾರೆವು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬದುಕುವವನು ತನ್ನ ಏಕಮಾತ್ರ ಆಸ್ತಿಯನ್ನು ಹಂಚಲು ಹೆದರುವದು ಸ್ವಾಭಾವಿಕ. ವಿಜಾಪುರ ಸೀಮೆಯಲ್ಲಿ ೧೮೭೬-೭೮ರ ಬರದ ನೆನಪು ಹಲವು ತಲೆಮಾರುಗಳ ವರೆಗೆ ಅಳಿಯಲಿಲ್ಲ. ಅಂಥ ಕಾಲದಲ್ಲಿ ಮೊದಲು ಕೈ ಖಾಲಿಯಾಗುವವನು ನೇಕಾರನೇ. ಹಸಿದ ಊರು ಸೀರೆ ಕೊಳ್ಳುವದಿಲ್ಲ.

ಆದರೆ ಕನ್ನಡನಾಡಿನಲ್ಲಿ ಮಗ್ಗದ ವಿದ್ಯೆಯನ್ನು ಮುಚ್ಚಿಡದೆ ಜನರ ನಡುವೆ ಆಡಿದವರೂ ಉಂಟು. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನು ಉಂಕೆ, ಲಾಳಿ, ಕಂಡಿಕೆಗಳನ್ನು ದೇವರ ಸಂಗಡ ಮಾತಾಡುವ ಭಾಷೆಗೇ ತಂದನು. ಆ ಶಬ್ದಗಳ ಅರ್ಥವನ್ನು ಇಂದು ನಿಘಂಟು ತೆಗೆದು ನೋಡುವ ಪದವೀಧರರು ಮುದನೂರಿನ ಆಸುಪಾಸಿನಲ್ಲಿಯೇ ಇದ್ದಾರು.

ಇನ್ನು ಅಧಿಕಾರಿಗಳಿಗೆ ಎರಡು ಮಾತು. ಕೈಮಗ್ಗದಲ್ಲಿಯೇ ನೇಯತಕ್ಕ ವಸ್ತುಗಳನ್ನು ಕಾಯ್ದಿರಿಸುವ ೧೯೮೫ರ ಕೇಂದ್ರ ಕಾಯಿದೆಯುಂಟು. ಅದರ ಯಾದಿಯಲ್ಲಿ ಈಗ ಉಳಿದಿರುವ ಹನ್ನೊಂದು ವಸ್ತುಗಳೊಳಗೆ ಜಮಖಾನೆಯೂ ಇದೆ, ಕಂಬಳಿಯೂ ಇದೆ. ಕಾಯಿದೆಯ ಕಾವಲು ಕಾಗದದ ಮೇಲಿದ್ದು, ನೇಯುವವನ ವೇಗ ಹಾಗೆಯೇ ಇದ್ದರೆ ಕಾಯ್ದಿರಿಸಿದ ಪೇಟೆಯನ್ನು ತುಂಬುವವರು ಯಾರು? ೨೦೧೯-೨೦ರ ಅಖಿಲ ಭಾರತ ಕೈಮಗ್ಗ ಗಣತಿಯ ಮೇರೆಗೆ ದೇಶದಲ್ಲಿ ೩೫.೨೨ ಲಕ್ಷ ಕೈಮಗ್ಗದ ಕೆಲಸಗಾರರು. ಅವರಲ್ಲಿ ನೇಯುವವರು ೨೬.೭೩ ಲಕ್ಷ, ಹಾಸು ಹೂಡುವ, ಕಂಡಿಕೆ ಸುತ್ತುವ, ಗಂಜಿ ಹಾಕುವ ಮೊದಲಾದ ಪೂರಕ ಕೆಲಸದವರು ೮.೪೮ ಲಕ್ಷ. ಕುಣಿಕೆ ಕಟ್ಟುವದು ಈ ಎರಡನೆಯ ವರ್ಗದ ಕೈಗೆಲಸ. ಮಗ್ಗ ಹಂಚುವ, ಸಾಲ ಕೊಡುವ ಯೋಜನೆಗಳಲ್ಲಿ ನೇಯುವವನ ಹೆಸರಿರುತ್ತದೆ. ಅವನ ಮಗ್ಗದ ಬಾಯಿ ತೆರೆಸುವ ಕೈಗಳ ಹೆಸರು ಅಪರೂಪ. ಮನೆಯಲ್ಲಿ ಹುರಿ, ಹಲಗೆ ಇದ್ದರೆ ಸಾಕಾಗುವ ಈ ಕೆಲಸವನ್ನು ಸ್ತ್ರೀಶಕ್ತಿ ಸಂಘದ ಹೆಂಗಸರು ಕಂಬಳಿಯ ಮಗ್ಗಗಳಿಗೆ ಕೂಲಿಗಾಗಿ ಮಾಡಿಕೊಡಬಹುದು.

ಕಲಿಸುವ ಸ್ಥಳದ ಬಗ್ಗೆಯೂ ನಾವು ಯೋಚಿಸಿದ್ದೇವೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ಇಯತ್ತೆಯ ವರೆಗಿನ ಮಕ್ಕಳು ಹತ್ತು ದಿನ ಪುಸ್ತಕದ ಚೀಲವನ್ನು ಬಿಟ್ಟು ಊರಿನ ಕಸಬುದಾರರಲ್ಲಿ ಕೆಲಸ ಕಲಿಯಬೇಕೆಂದು ಸೂಚಿಸಿದೆ. ಆ ನೀತಿಯನ್ನು ರಾಜ್ಯವು ಒಪ್ಪುವದೋ ಬಿಡುವದೋ ರಾಜಕೀಯದ ವಿಷಯ; ಈ ಒಂದು ಸೂಚನೆಗೆ ಯಾವ ಪಕ್ಷದವರೂ ಅಡ್ಡ ಬರಲಾರರು. ಮೋರಟಗಿಯ ಶಾಲೆಯಲ್ಲಿ ಇದರ ಪ್ರಯೋಗ ನಡೆಯಲಿ. ಒಂದು ತರಗತಿಗೆ ಹತ್ತು ಹಲಗೆಗಳು, ನಲವತ್ತು ಮೊಳೆಗಳು. ಬಡಗಿಗೆ ಅರ್ಧ ದಿನದ ಕೆಲಸ. ನಾಲ್ವರು ಮಕ್ಕಳಿಗೊಂದು ಹಲಗೆಯಂತೆ ಕುಳಿತರೆ ಎರಡನೆಯ ದಿನ ಮುಗಿಯುವದರೊಳಗೆ ಒಂದು ಕಂಬಳಿಯ ಮಗ್ಗಕ್ಕೆ ಬೇಕಾಗುವ ಕುಣಿಕೆಗಳು ಆದಾವು. ಮೂರನೆಯ ದಿನ ಆ ಕುಣಿಕೆಗಳನ್ನು ಮಗ್ಗವಿರುವ ಮನೆಗೆ ಒಯ್ದು ಕಟ್ಟಿನೋಡಲಿ. ಇಂಚು, ಅರ್ಧ, ಮುಕ್ಕಾಲುಗಳ ಗಣಿತವನ್ನು ಆ ಮಕ್ಕಳು ಮುಂದೆ ಮರೆಯಲಾರರು. ಜೋತುಬಿದ್ದ ಎಳೆ ಯಾವ ಮಗುವಿನ ಗಂಟಿನದೆಂದು ಮಗ್ಗವೇ ತೋರಿಸಿಕೊಡುವದರಿಂದ ಮಾಸ್ತರರು ಬೆತ್ತ ಹಿಡಿಯುವ ಕಾರಣವೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಹೊಸ ಕುಣಿಕೆಗಳನ್ನು ಕಟ್ಟಿದೊಡನೆ ಉಣ್ಣೆಯ ಹಾಸಿಗೆ ಹೂಡಬಾರದು. ಗಂಜಿಯನ್ನಾಗಲಿ ತೆಳುವಾದ ಮೇಣವನ್ನಾಗಲಿ ಬಳಿದು, ಕೋಲಿಗೆ ಏರಿಸಿ, ಕೆಳಗೆ ಕಲ್ಲು ತೂಗಿಬಿಟ್ಟು ಒಂದು ರಾತ್ರಿ ಒಣಗಿಸಬೇಕು. ಹಳೆಯ ಗಿರಣಿಗಳಲ್ಲಿ ನೂಲಿನ ಕುಣಿಕೆಗಳಿಗೆ ಅಗಸೆ ಎಣ್ಣೆಯ ವಾರ್ನಿಶ ಹಚ್ಚುತ್ತಿದ್ದುದೂ ಇದೇ ಕಾರಣಕ್ಕೆ: ನವಿರು ಅಡಗಬೇಕು, ಗಂಟು ಕೂಡಬೇಕು. ಮರುದಿನ ಮುಂಜಾನೆ ಹಲಗೆಯ ಮೇಲೆ ಒಂದೊಂದನ್ನೂ ಇಟ್ಟು ನೋಡಿ, ಅಳತೆ ತಪ್ಪಿದವನ್ನು ತೆಗೆದುಹಾಕಿ, ಬಳಿಕ ಎಳೆ ಪೋಣಿಸಲು ಕುಳಿತರಾಯಿತು.